ತುಟಿ ಮುಚ್ಚಿದ ಮೀಸೆ

ಶಹಾಪುರ ಸೀಮೆಯ ನಮ್ಮ ಶಾಲೆಯ ಕಟ್ಟೆಯ ಮೇಲೆ ಅಂದು ಮೂವರಿದ್ದೆವು— ಮೂರನೆಯ ತರಗತಿಯ ಶರಣಮ್ಮ, ಕುರಿ ಮೇಯಿಸುವ ಅವಳಪ್ಪ ಮಲ್ಲಪ್ಪ, ಮಾಸ್ತರನಾದ ನಾನು. ಅವರ ಮುಂದೆ ನಾನಾಡಿದ್ದು ಸುಳ್ಳು.

ಶರಣಮ್ಮನಿಗೆ ಕಿವಿ ಮಂದ. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಹಿಂದಿನ ವರ್ಷ ಎರಡನೆಯ ತರಗತಿಯ ಅಕ್ಕೋರ ಮುಂದೆ ಮಗ್ಗಿ ಒಪ್ಪಿಸಿದ್ದವಳು ನನ್ನ ತರಗತಿಯಲ್ಲಿ ಕಂಬದಂತೆ ಕೂತುಬಿಟ್ಟಳು. ಇಂಥ ಮಕ್ಕಳನ್ನು ನೋಡಲು ಆಗಾಗ ಬರುತ್ತಿದ್ದ ಟೀಚರೊಬ್ಬರು ಕಾರಣ ಕಂಡುಹಿಡಿದು ನಕ್ಕರು:

“ಸರ, ನಿಮ್ಮ ಮೀಸಿ ತುಟಿ ಮುಚ್ಚ್ಯಾವ್ರಿ. ಹುಡುಗಿ ಏನ್ ನೋಡಬೇಕು ಪಾಪ? ಒಂಚೂರು ಕತ್ತರಿಸ್ರಿ.”

ಕತ್ತರಿಸುವುದೇ! ಊರೇ ತಿರುಗಿ ನೋಡುವ ಮೀಸೆ. ಒಂದು ಪೋರಿಗಾಗಿ— ಹೌದು, ಹಾಗೆಯೇ ಅಂದುಕೊಂಡೆ. ಮುಂದಿನ ವಾರ ಮಲ್ಲಪ್ಪ ಕಟ್ಟೆಗೆ ಬಂದು, “ಸರ, ಹುಡುಗಿ ಯಾಕ ಹಿಂಗ ಆಗ್ಯಾಳ್ರಿ?” ಎಂದಾಗ ಟೀಚರ ಮಾತು ನುಂಗಿಕೊಂಡೆ.

“ಆಕಿ ತಲಿಗೆ ಹತ್ತಂಗಿಲ್ಲ ಮಲ್ಲಪ್ಪ. ಈ ಸಾಲಿ ಆಕೀಗಲ್ಲ ಬಿಡು.”

ಶರಣಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮಾತೂ ಅವಳಿಗೆ ಕಾಣಲಿಲ್ಲ.

ಶಾಲೆ ಬಿಟ್ಟು ಕುರಿಗಳ ಹಿಂದೆ ಹೋದಳು. ಆಮೇಲೆ ಸೋದರತ್ತೆ ವಡಗೇರಾಕ್ಕೆ ಕರೆದೊಯ್ದು ಅಲ್ಲಿಯ ಶಾಲೆಗೆ ಹಾಕಿದಳಂತೆ. ಆ ಸುದ್ದಿ ಕೇಳಿ ನಾನು ಉಸಿರುಬಿಟ್ಟೆ— ಬಾಯಿ ಮಾತ್ರ ಬಿಡಲಿಲ್ಲ.

ವರ್ಷಗಳು ಕಳೆದು, ಊರೂರು ವರ್ಗವಾಗಿ ಅದೇ ಶಾಲೆಗೆ ಮರಳಿದ್ದೆ. ಮೀಸೆ ಬೆಳ್ಳಗಾಗಿತ್ತು, ತುಟಿ ಮುಚ್ಚಿಯೇ ಇತ್ತು. ಈ ಜೂನ್‌ನಲ್ಲಿ ಶರಣಮ್ಮ ಮಗಳ ಕೈ ಹಿಡಿದು ಬಂದಳು. ಮಗುವಿನ ಕಿವಿಯಲ್ಲಿ ಯಂತ್ರ.

“ಸರ, ಈಕೀನೂ ನನ್ನಂಗರೀ. ಸೇರಿಸ್ಕೊಂತೀರೇನ್ರಿ?”

ಕೂರೆಂದು ಕೈಸನ್ನೆ ಮಾಡಿ, ಎದುರಿನ ಕಟಿಂಗ್ ಅಂಗಡಿಗೆ ಹೋದೆ. ಬೋಳು ತುಟಿಯಲ್ಲಿ ಮರಳಿ ಬಂದು, ಅವಳೆದುರು ಕೂತು ಎಲ್ಲ ಹೇಳಿದೆ. ನಿಧಾನವಾಗಿ, ಏನೂ ಬಿಡದೆ.

“ನಾನಽ ದಡ್ಡಿ ಅಂತ ತಿಳ್ಕೊಂಡಿದ್ನಿರಿ, ಇಷ್ಟ ದಿನ,” ಎಂದಳು. ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದವಳು, ತಡೆಯಲಾರದೆ ನಕ್ಕಳು. “ಮೀಸಿ ಇಲ್ದ ಥೇಟ್ ಕೂಸಿನಂಗ ಕಾಣತೀರಿ ಸರ!”

ಎಷ್ಟು ಹಗುರಾದೆನೆಂದರೆ— ನಾನೂ ನಕ್ಕೆ, ಅತ್ತೂಬಿಟ್ಟೆ. ಕ್ಷಮಿಸಿದಳೋ ಇಲ್ಲವೋ, ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಮರುದಿನ ಹಾಜರಿ ಕರೆದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಅವಳ ಮಗಳು ನನ್ನ ತುಟಿ ನೋಡಿ ಎದ್ದುನಿಂತಳು.

“ಬಂದೀನ್ರಿ ಸರ.”