ಮಗುವಿನಿಂದ ಮೂರು ಮಾರು ದೂರ

ಕಂದಿಕೆರೆ ಕಡೆ ಗಂಗರಾಜುವಿನ ಮಾತೆತ್ತಿದರೆ ಜನ ಎರಡು ಸಂಗತಿ ಹೇಳುತ್ತಾರೆ. ಕಾಯಿ ಸುಲಿಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ, ಇದು ಮೊದಲನೆಯದು. ಆಸಾಮಿ ಸ್ವಲ್ಪ ಹಂಗೇ, ಇದು ಎರಡನೆಯದು. ಹಂಗೇ ಅಂದರೆ ಹೆಂಗೆ ಎಂದು ಕೇಳಿ ನೋಡಿ, ಒಬ್ಬರೂ ಬಿಡಿಸಿ ಹೇಳುವುದಿಲ್ಲ. ಅವರಿಗೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಮೂವತ್ತು ವರ್ಷ ನಕ್ಕಿದ್ದಾರೆ. ನಮ್ಮ ಜನಕ್ಕೆ ನಗುವುದಕ್ಕೆ ಕಾರಣ ಬೇರೆ ಬೇಕೆ?

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ತೆಂಗಿನಕಾಯಿಯನ್ನು ಕೊಬ್ಬರಿಗೆಂದು ಕೆಳಗಿಳಿಸಿದ ಮೇಲೆ ಅದರ ಮಟ್ಟೆ ಸುಲಿಯಬೇಕು. ಅದಕ್ಕೆ ಮೊಣಕಾಲೆತ್ತರದ ಕಬ್ಬಿಣದ ಹಾರೆಯನ್ನು ಮೊನೆ ಮೇಲಾಗಿ ನೆಲದಲ್ಲಿ ಹೂಳುತ್ತಾರೆ. ಕಾಯಿಯನ್ನು ಅದರ ಮೇಲೆ ಕುಕ್ಕಿ ಎರಡು ತಿರುವು ತಿರುವಿದರೆ ಮಟ್ಟೆ ಬಿಚ್ಚಿಕೊಂಡು ಬೀಳುತ್ತದೆ. ಸಂಜೆ ಕೆಲಸ ಮುಗಿದಾಗ ಆ ಮೊನೆಗೆ ಒಂದು ತುಂಡು ಮಟ್ಟೆ ಸಿಗಿಸಿ ಹೋಗುವುದು ಸುಲಿಯುವವರ ರೂಢಿ. ಅಂಗಳದಲ್ಲಿ ಕರು ಓಡಾಡುತ್ತದೆ, ಮಕ್ಕಳು ಓಡಾಡುತ್ತವೆ. ಎಲ್ಲರೂ ಒಂದು ಸಲ ಸಿಗಿಸಿ, ಟವೆಲ್ ಕೊಡವಿಕೊಂಡು ಹೊರಟುಬಿಡುತ್ತಾರೆ. ಗಂಗರಾಜು ಹೊರಟು, ತಿರುಗಿ ನೋಡಿ, ಮತ್ತೆ ಹೊರಟು, ಅರ್ಧ ದಾರಿಯಿಂದ ಗಾಡಿ ತಿರುಗಿಸಿಕೊಂಡು ಬರುತ್ತಾನೆ.

ಮಟ್ಟೆ ಸಿಗಿಸಿದೆ ತಾನೆ? ಸಿಗಿಸಿದೆ. ಗಟ್ಟಿಯಾಗಿ ಕೂತಿತ್ತಾ? ಕೂತಿತ್ತು. ಕೂತಿಲ್ಲದಿದ್ದರೆ? ಅಷ್ಟು ಸಾಕು, ಯಾರದೋ ಮನೆಯ ಕೂಸು ಓಡಿಬಂದು ಎಡವುವುದು ಕಣ್ಣೆದುರಿಗೇ ಕಾಣುತ್ತಿತ್ತು. ಬುದ್ಧಿ ಕೆಟ್ಟವನಿಗೆ ತನ್ನ ಬುದ್ಧಿ ಕೆಟ್ಟಿರುವುದು ತಿಳಿಯುವುದಿಲ್ಲವಂತೆ. ಇವನಿಗೆ ತಿಳಿಯುತ್ತಿತ್ತು, ಅದೇ ಕಷ್ಟ. ಇದೆಲ್ಲ ಸುಳ್ಳು ಎಂದು ಗೊತ್ತಿದ್ದೂ ಎಂಟು ಮೈಲಿ ಗಾಡಿ ಓಡಿಸುತ್ತಿದ್ದ.

ಯಾವಾಗಲೂ ಹೀಗೆ ಅಂದುಕೊಳ್ಳಬೇಡಿ. ವರ್ಷಗಟ್ಟಲೆ ಅದರ ಸುಳಿವೇ ಇರುತ್ತಿರಲಿಲ್ಲ. ಮನಸ್ಸಿನ ಮೇಲೆ ಏನಾದರೂ ಭಾರ ಬಿದ್ದಾಗ ಎದ್ದು ಕೂರುತ್ತಿತ್ತು. ಕೆಟ್ಟ ಭಾರವೇ ಆಗಬೇಕೆಂದಿಲ್ಲ, ಒಳ್ಳೆಯದಕ್ಕೂ ಬರುತ್ತಿತ್ತು. ಮೊದಲ ಸಲ ಬಂದದ್ದು ಲಕ್ಷ್ಮಕ್ಕನ ಜೊತೆ ಮದುವೆ ಗೊತ್ತಾದಾಗ. ಮೈಗೆ ಅರಿಶಿನ ಹಚ್ಚಿಸಿಕೊಂಡ ಗಂಡು ಸೈಕಲ್ ಹತ್ತಿ ಯಾರದೋ ತೋಟಕ್ಕೆ ಹಾರೆ ನೋಡಲು ಹೋದ. ಹೆಣ್ಣಿನ ಮುಖ ನೋಡೋಕೆ ಹೋಗಿದ್ದ ಕಣ್ಲಾ ಎಂದು ಗೆಳೆಯರು ರೇಗಿಸಿದರು. ಅವನೂ ನಕ್ಕ. ನಗದೆ ಏನು ಮಾಡಿಯಾನು? ಮದುವೆಯಾಗಿ ಮೂರು ತಿಂಗಳಿಗೆ ಅದು ತಾನಾಗಿ ಇಳಿದುಹೋಯಿತು.

ಎರಡನೆಯ ಸಲ ಜೋರಾಗಿ ಬಂದದ್ದು ಅಪ್ಪ ತೀರಿಕೊಂಡಾಗ. ವಿಚಿತ್ರ ನೋಡಿ, ಸಾವಿನ ಮನೆಯಲ್ಲಿ ಅವನಷ್ಟು ಗಟ್ಟಿಯಾಗಿ ಇದ್ದವರೇ ಇಲ್ಲ. ಎಲ್ಲರನ್ನೂ ಸಮಾಧಾನ ಮಾಡಿದ, ತಿಥಿ ಮುಗಿಸಿದ, ನೆಂಟರನ್ನು ಬಸ್ಸು ಹತ್ತಿಸಿದ. ಮನೆ ಖಾಲಿಯಾದ ಮಾರನೆಯ ದಿನ ಶುರುವಾಯಿತು. ದಿನಕ್ಕೆ ನಾಲ್ಕು ಸಲ, ಐದು ಸಲ. ಈಗ ಹೊಸದೊಂದು ಸೇರಿಕೊಂಡಿತ್ತು: ನೀನೇ ಬೇಕೆಂದು ಮಟ್ಟೆ ತೆಗೆದಿಟ್ಟು ಬಂದೆಯೇನೋ! ಇದನ್ನು ಹೆಂಡತಿಗೆ ಹೇಳುವುದುಂಟೆ? ಸೌಂದರ್ಯಳಿಗೆ ಆಗ ಹನ್ನೆರಡು ವರ್ಷ, ಒಬ್ಬಳೇ ಮಗಳು. ಅವಳು ಅಂಗಳಕ್ಕೆ ಬಂದರೆ ಒಳಗೆ ಹೋಗು ಎಂದು ಗದರುತ್ತಿದ್ದ. ಅಪ್ಪನಿಗೆ ಸಿಟ್ಟು ಜಾಸ್ತಿ ಅಂತ ಹುಡುಗಿ ಅಂದುಕೊಂಡಳು.

ಕೊನೆಗೊಂದು ದಿನ ಹಲ್ಲುನೋವು ಎಂದು ಸುಳ್ಳು ಹೇಳಿ ತಿಪಟೂರಿಗೆ ಹೋದ. ಆಸ್ಪತ್ರೆಗೆ ಮಂಗಳವಾರ ಮನಸ್ಸಿನ ಡಾಕ್ಟರೊಬ್ಬರು ಬರುತ್ತಿದ್ದರು, ಹೆಂಗಸು. ಪೂರ್ತಿ ಕೇಳಿಸಿಕೊಂಡರು, ನಗಲಿಲ್ಲ. ಇದೊಂದು ಕಾಯಿಲೆ, ತುಂಬ ಜನಕ್ಕಿದೆ ಅಂದರು. ಒತ್ತಡ ಬಿದ್ದಾಗ ಏರುತ್ತದೆ, ಹಗುರಾದಾಗ ಇಳಿಯುತ್ತದೆ, ಇಳಿದದ್ದನ್ನು ಹೋಯಿತು ಅಂದುಕೊಳ್ಳಬೇಡಿ. ಹೋಗಿ ನೋಡಿದಷ್ಟೂ ಇನ್ನೊಂದು ಸಲ ನೋಡು ಅನ್ನುತ್ತದೆ. ಇಂಥ ಯೋಚನೆಗೆ ಹೆದರಿ ಸಾಯುವವರು ಅಂಥದ್ದನ್ನು ಮಾಡುವವರಲ್ಲ. ಕೊನೆಗೆ ಇನ್ನೊಂದು ಹೇಳಿದರು: ಕೆಲವು ಮನೆಗಳಲ್ಲಿ ಇದು ಮಕ್ಕಳಿಗೂ ಬರುವುದುಂಟು, ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿಡಿ.

ಉಳಿದದ್ದೆಲ್ಲ ಕೇಳಿಸಿಕೊಂಡ, ಇದೊಂದನ್ನು ಬಿಟ್ಟು. ಗ್ಯಾಸ್ಟ್ರಿಕ್ ಮಾತ್ರೆ ಎಂದು ಲಕ್ಷ್ಮಕ್ಕನಿಗೆ ಹೇಳಿ ಎಂಟು ತಿಂಗಳು ನುಂಗಿದ. ಇಳಿಯಿತು. ಹೋಯಿತು ಅಂದುಕೊಂಡು ಮಾತ್ರೆ ನಿಲ್ಲಿಸಿದ. ಹೋಗಲಿ, ಆಗಲಾದರೂ ಹೆಂಡತಿಯ ಕೈಹಿಡಿದು ನನಗಿಂಥದ್ದು ಆಗಿತ್ತು ಕಣೇ ಎನ್ನಬಹುದಿತ್ತಲ್ಲ? ಅನ್ನಲಿಲ್ಲ. ನಾಚಿಕೆ. ಈ ನಾಚಿಕೆಗೆ ಬೆಂಕಿ ಬೀಳ!

ಸೌಂದರ್ಯಳನ್ನು ತುರುವೇಕೆರೆಗೆ ಕೊಟ್ಟು ಮದುವೆ ಮಾಡಿದರು. ಆಗ ತಲೆಯೊಳಗೆ ಸಣ್ಣಗೆ ಅಲ್ಲಾಡಿತು, ಅಷ್ಟೆ. ಕಳೆದ ವರ್ಷ ಬಸುರಿಯಾಗಿ ತವರಿಗೆ ಬಂದಳು, ಹೆಣ್ಣು ಕೂಸು ಹುಟ್ಟಿತು. ಗಂಗರಾಜು ಆಸ್ಪತ್ರೆಯ ಕಾವಲುಗಾರನವರೆಗೂ ಸಿಹಿ ಹಂಚಿದ. ನಾಲ್ಕನೆಯ ದಿನ ಮನೆಗೆ ಕರೆತಂದು ಲಕ್ಷ್ಮಕ್ಕ ಕೂಸನ್ನು ಅವನ ಕೈಗಿಟ್ಟಳು. ಆ ಪುಟ್ಟ ತಲೆ ಅಂಗೈಯಲ್ಲಿ ಕೂತ ಕ್ಷಣಕ್ಕೇ ಹಾರೆಯ ಮೊನೆ ಕಣ್ಣೆದುರಿಗೆ ಬಂತು. ಇಷ್ಟು ವರ್ಷ ಯಾರದೋ ಮಗುವಾಗಿತ್ತು, ಈಗ ಈ ಮಗು. ಕೈ ಒರಟು ಕಣೇ, ಗೀರುತ್ತೆ ಎಂದು ವಾಪಸು ಕೊಟ್ಟ. ಅಂದಿನಿಂದ ಮಗುವಿನಿಂದ ಮೂರು ಮಾರು ದೂರ. ತೊಟ್ಟಿಲು ನಡುಮನೆಯಲ್ಲಿದ್ದರೆ ಇವನು ಜಗುಲಿಯಲ್ಲಿ. ಮಗುವನ್ನು ಜಗುಲಿಗೆ ತಂದರೆ ಇವನು ಬೀದಿಯಲ್ಲಿ. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿ, ಒಂದರಿಂದ ಇನ್ನೊಂದರ ಮಣಿಕಟ್ಟು ಬಿಗಿಯಾಗಿ ಹಿಡಿದು ನಿಲ್ಲುತ್ತಿದ್ದ.

ಅದೂ ಸಾಲದಾಯಿತು. ಹೊನ್ನವಳ್ಳಿಯ ತೋಂಟದಾರ್ಯರ ತೋಟದಲ್ಲಿ ಅಟ್ಟ ಖಾಲಿ ಮಾಡುವ ಕೆಲಸವಿದೆ, ಅಲ್ಲೇ ಉಳಿಯುತ್ತೇನೆ ಎಂದು ಹೊರಟುಹೋದ. ತೋಂಟದಾರ್ಯರು ಒಳ್ಳೆಯವರು, ಕೊಬ್ಬರಿ ಶೆಡ್ಡಿನ ಮೂಲೆಯಲ್ಲಿ ಜಾಗ ಕೊಟ್ಟರು. ಹತ್ತು ದಿನದ ಕೆಲಸ ಮುಗಿದ ಮೇಲೂ ಅಲ್ಲೇ ಇನ್ನೊಂದು ಕೆಲಸ ಹುಡುಕಿಕೊಂಡ. ಸಂಜೆ ಒಬ್ಬನೇ ಮುದ್ದೆ ತೊಳಸಿಕೊಂಡು ಉಂಡು, ಮೊಬೈಲಿನಲ್ಲಿ ಕೂಸಿನ ಫೋಟೋ ತೆಗೆದು ನೋಡುತ್ತ ಕೂರುತ್ತಿದ್ದ. ಫೋಟೋದ ಮಗುವಿಗೆ ತನ್ನಿಂದ ಏನೂ ಆಗುವುದಿಲ್ಲ. ಬೆರಳಿನಿಂದ ದೊಡ್ಡದು ಮಾಡಿ ಹುಬ್ಬು ನೋಡುತ್ತಿದ್ದ, ಕಿವಿ ನೋಡುತ್ತಿದ್ದ. ಆ ಶೆಡ್ಡಿನಲ್ಲಿ ಎರಡು ತಿಂಗಳು ಅವನು ಪಟ್ಟ ಒಂಟಿತನ ಶತ್ರುವಿಗೂ ಬೇಡ.

ಊರು ಸುಮ್ಮನಿರುತ್ತದೆಯೆ? ಹೆಣ್ಣು ಹುಟ್ಟಿತಲ್ಲ, ಅದಕ್ಕೇ ಮುನಿಸಿಕೊಂಡು ಹೋದ ಅಂತ ಮಾತಾಯಿತು. ಲಕ್ಷ್ಮಕ್ಕ ಫೋನಿನಲ್ಲಿ ನೇರವಾಗಿಯೇ ಕೇಳಿದಳು. ಇವನಿಗೆ ಬಾಯಿ ಬರಲಿಲ್ಲ. ಬಾಯಿ ಬರದಿದ್ದದ್ದನ್ನೇ ಅವಳು ಹೌದು ಅಂತ ತಿಳಿದಳು. ಅಷ್ಟರಲ್ಲಿ ಕೂಸಿಗೆ ಕಿವಿ ಚುಚ್ಚಿಸುವ ದಿನ ಬಂತು. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸುವುದು ಪದ್ಧತಿ. ಸೌಂದರ್ಯಳಿಗೆ ಅಣ್ಣತಮ್ಮಂದಿರಿಲ್ಲ, ಹಾಗಾಗಿ ಅಜ್ಜನ ತೊಡೆಯೇ ಆಗಬೇಕು. ಬುಧವಾರ ಗೊತ್ತು ಮಾಡಿದರು. ಅಪ್ಪ ಬರದಿದ್ದರೆ ಅವತ್ತೇ ಗಂಡನ ಮನೆಗೆ ಹೋಗುತ್ತೇನೆ, ಇನ್ನು ಈ ಹೊಸಿಲು ತುಳಿಯುವುದಿಲ್ಲ ಎಂದು ಮಗಳು ಹೇಳಿದ್ದಾಳೆಂದು ಲಕ್ಷ್ಮಕ್ಕ ತಿಳಿಸಿದಳು. ಮಗು ತೊಡೆಯ ಮೇಲೆ, ಎದುರಿಗೆ ಸೂಜಿ! ಗಂಗರಾಜು ಒಂದು ಹಗಲೆಲ್ಲ ಯೋಚಿಸಿ, ಮಗಳು ದೂರವಾದರೆ ಆಗಲಿ, ಮಗು ಚೆನ್ನಾಗಿರಲಿ ಎಂದು ತೀರ್ಮಾನಿಸಿಬಿಟ್ಟ. ಹೋಗುವುದಿಲ್ಲ.

ಸೋಮವಾರ ಮಧ್ಯಾಹ್ನ ಸೌಂದರ್ಯಳೇ ಬಂದಳು. ಬಾಣಂತಿ ಒಬ್ಬಳೇ ಬಸ್ಸು ಹತ್ತಿಕೊಂಡು, ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕಂಕುಳಲ್ಲಿ ಕೂಸು. ತೋಂಟದಾರ್ಯರ ಮನೆಯವರು ಯಾವುದೋ ಮದುವೆಗೆ ಹೋಗಿದ್ದರು, ತೋಟದಲ್ಲಿ ಗಂಗರಾಜು ಒಬ್ಬನೇ ಸುಲಿಯುತ್ತಿದ್ದ. ಬೈಯುತ್ತಾಳೆ ಎಂದು ಕಾದ. ಅವಳು ಬೈಯಲಿಲ್ಲ. ಶೆಡ್ಡಿನ ನೆರಳಿನಲ್ಲಿ ಗೋಣಿಚೀಲದ ಮೇಲೆ ತನ್ನ ಶಾಲು ಹಾಸಿ ಮಗುವನ್ನು ಮಲಗಿಸಿದಳು. ಆಮೇಲೆ ಹಿಂದಕ್ಕೆ ಹೆಜ್ಜೆ ಇಟ್ಟಳು. ಇನ್ನೊಂದು, ಮತ್ತೊಂದು, ಬೆನ್ನು ಗೋಡೆಗೆ ತಾಗುವವರೆಗೆ. ಕೈಗಳನ್ನು ಬೆನ್ನ ಹಿಂದೆ ತೆಗೆದುಕೊಂಡು ಮಣಿಕಟ್ಟು ಹಿಡಿದುಕೊಂಡಳು.

ಗಂಗರಾಜು ಕೈಯಲ್ಲಿದ್ದ ಕಾಯಿ ಕೆಳಗಿಟ್ಟ. ಹಾಗೆ ನಿಲ್ಲುವುದು ಅವನಿಗೆ ಗೊತ್ತಿತ್ತು.

"ನೀನು ಎತ್ಕೊ ಅಪ್ಪ. ನನ್ ಕೈಲಿ ಬ್ಯಾಡ," ಅಂದಳು.

ನಿನ್ನ ಕೈಗೇನಾಗಿದೆ ಎಂದು ಕೇಳಿದ್ದಕ್ಕೆ ಅವಳು ತಲೆತಗ್ಗಿಸಿ, ನೆಲಕ್ಕೆ ಹೇಳಿಕೊಳ್ಳುವವಳ ಹಾಗೆ ಹೇಳಿದಳು. "ನೀರಿನ ತೊಟ್ಟಿ ಹತ್ರ ಹೋದ್ರೆ ಎಸೆದ್ಬುಡ್ತೀನೇನೋ ಅನ್ಸುತ್ತೆ. ನಾನಾಗೇ ಅಂದ್ಕೊಳ್ಳೋದಲ್ಲ, ಅದೇ ಬತ್ತದೆ."

ಅವ್ವನಿಗೆ ಹೇಳಿದರೆ ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸುತ್ತಾಳೆ, ಗಂಡನ ಮನೆಯಲ್ಲಿ ತಿಳಿದರೆ ಮಗುವನ್ನು ಇಟ್ಟುಕೊಂಡು ತನ್ನನ್ನು ಅಟ್ಟುತ್ತಾರೆ. ತೊಟ್ಟಿಯ ಮುಚ್ಚಳದ ಮೇಲೆ ಕಲ್ಲು ಹೇರಿದ್ದಾಳಂತೆ, ಹೇರಿದ್ದನ್ನು ದಿನಕ್ಕೆ ಇಪ್ಪತ್ತು ಸಲ ನೋಡಿ ಬರುತ್ತಾಳಂತೆ. ಕಿವಿ ಚುಚ್ಚುವ ದಿನ ಹತ್ತಿರ ಬಂದಷ್ಟೂ ಹೆಚ್ಚಾಗಿದೆ. ಅಪ್ಪ ಬರದಿದ್ದರೆ ಹೋಗುತ್ತೇನೆ ಅಂದದ್ದೂ ಸಿಟ್ಟಿಗಲ್ಲ, ಆ ತೊಟ್ಟಿಯಿಂದ ತಪ್ಪಿಸಿಕೊಳ್ಳುವುದಕ್ಕೆ. ಈಗ ಅದಕ್ಕೂ ಧೈರ್ಯ ಸಾಲದೆ ಬಂದಿದ್ದಳು. ಮಗುವನ್ನು ನಿನ್ನ ಹತ್ತಿರ ಬಿಟ್ಟು ಹೋಗೋಣ ಅಂತ ಬಂದೆ, ನೀನು ಗಟ್ಟಿ ಮನುಷ್ಯ ಅಂದಳು. ಬಿಟ್ಟು ಎಲ್ಲಿಗೆ ಹೋಗುತ್ತೀ ಎಂದು ಅವನು ಕೇಳಲಿಲ್ಲ. ಕೇಳುವುದಕ್ಕೆ ಹೆದರಿಕೆಯಾಯಿತು.

ಅಷ್ಟರಲ್ಲಿ ಕೂಸು ಎಚ್ಚರವಾಗಿ ಅಳತೊಡಗಿತು. ಆ ಕಡೆ ತಾಯಿ, ಈ ಕಡೆ ಅಜ್ಜ. ಇಬ್ಬರೂ ಜೀವ ಬಿಡುವಷ್ಟು ಪ್ರೀತಿಸುವವರು, ಇಬ್ಬರೂ ಅಲ್ಲಾಡಲಿಲ್ಲ. ಮಗು ಕೆಂಪಗಾಗಿ ಅಳುತ್ತಿತ್ತು.

ಗಂಗರಾಜುವಿಗೆ ಆಸ್ಪತ್ರೆಯಲ್ಲಿ ಬೇಕೆಂದೇ ಕೇಳಿಸಿಕೊಳ್ಳದೆ ಬಿಟ್ಟ ಮಾತು ಈಗ ಪೂರ್ತಿ ಕೇಳಿಸಿತು. ತನ್ನ ಪಾಡು ತನ್ನೊಬ್ಬನದೇ ಎಂದು ಮೂವತ್ತು ವರ್ಷ ಅದುಮಿಟ್ಟುಕೊಂಡಿದ್ದ. ಮಗುವನ್ನು ಕಾಪಾಡುತ್ತಿದ್ದೇನೆ ಅಂದುಕೊಂಡು ಇಲ್ಲಿ ಬಂದು ಕೂತಿದ್ದ. ಅಲ್ಲಿ ಅದೇ ಮನೆಯಲ್ಲಿ ಮಗಳು ಅದೇ ಬೆಂಕಿಯಲ್ಲಿ ಒಬ್ಬಳೇ ಬೇಯುತ್ತಿದ್ದಳು. ಅವನಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ನಂಗೂ ಬತ್ತದೆ ಕಣವ್ವ," ಅಂದ. "ನೀನು ಹುಟ್ಟೋಕ್ ಮುಂಚಿಂದ್ಲೂ ಬತ್ತದೆ."

ಆಮೇಲೆ ಎಲ್ಲ ಹೇಳಿದ. ಹಿಂದುಮುಂದಾಗಿ ಹೇಳಿದ, ಅರಿಶಿನದ ಮೈಯಲ್ಲಿ ಸೈಕಲ್ ತುಳಿದದ್ದು, ಹಲ್ಲುನೋವಿನ ಸುಳ್ಳು, ಹನ್ನೆರಡು ವರ್ಷದ ಅವಳನ್ನು ಗದರಿದ್ದು ಯಾಕೆ ಎನ್ನುವುದು. ಹೇಳುತ್ತ ಹೇಳುತ್ತ ಮಗುವಿನ ಕಡೆ ನಡೆದ. ನಾಲ್ಕು ಹೆಜ್ಜೆಯಾಚೆ ಹಾರೆ ಬರಿಮೊನೆಯಲ್ಲೇ ನಿಂತಿತ್ತು. ಬಗ್ಗಿ ಎತ್ತಿಕೊಳ್ಳುವಾಗ ಆ ಚಿತ್ರ ಬಂದೇ ಬಂತು, ಒಂದಿಷ್ಟೂ ಕಡಿಮೆಯಾಗದೆ. ಬರಲಿ ಎಂದುಕೊಂಡು ಎತ್ತಿದ. ಎರಡು ಕೈಯಲ್ಲೂ ಎದೆಗೆ ಒತ್ತಿ ಹಿಡಿದ. ಕೂಸು ಅವನ ಬೆವರಿನ ಬನಿಯನ್ನಿಗೆ ಮುಖ ಒತ್ತಿ ಬಿಕ್ಕಿತು.

ಸೌಂದರ್ಯ ಗೋಡೆಗುಂಟ ಜಾರಿ ಕೂತಿದ್ದಳು. "ಅದ್ಕೇ ಮನೆ ಬುಟ್ಟು ಹೋದ್ಯಾ? ಹೆಣ್ಣು ಹುಟ್ತು ಅಂತ ಅಲ್ಲ ತಾನೆ?"

ಅಲ್ಲ ಎಂದು ತಲೆಯಾಡಿಸಿದ. ಅವಳು ತುಂಬ ಹೊತ್ತು ಅತ್ತಳು, ಅವನೂ ಅತ್ತ. ನಿಜವಾಗಿಯೂ ಎಸೆದುಬಿಟ್ಟರೆ ಎಂದು ಅವಳು ಮತ್ತೆ ಕೇಳಿದಾಗ ಅವನ ದನಿ ಮಾತ್ರ ನಡುಗಲಿಲ್ಲ.

"ಎಸೆಯಾಕಿಲ್ಲ. ಮೂವತ್ತು ವರ್ಷದಲ್ಲಿ ನನ್ ಕೈಯಿಂದ ಒಂದ್ ಮಗೀಗೂ ಒಂದ್ ಗೀರು ಬಿದ್ದಿಲ್ಲ. ನಾಳೆ ಮಂಗಳವಾರ, ಇಬ್ರೂ ಹೋಗಿ ಡಾಕ್ಟ್ರಿಗೆ ತೋರ್ಸ್ಕಳಾನ. ನಿಮ್ಮವ್ವಂಗೆ ನಾನೇ ಹೇಳ್ತೀನಿ."

ಅವಳು ಎದ್ದು ಬಂದಳು. ಮಗುವನ್ನು ತೆಗೆದುಕೊಳ್ಳುವ ಧೈರ್ಯ ಇನ್ನೂ ಇರಲಿಲ್ಲ, ಅಪ್ಪನ ತೋಳಿಗೆ ಒತ್ತಿಕೊಂಡು ಅದರ ಕಾಲು ಮುಟ್ಟಿದಳು.

"ಕೂಸು ಹನ್ನೆಲ್ಡು ದಿವ್ಸದ್ದು ಇದ್ದಾಗಿಂದ ಹಿಂಗೈತೆ ನಂಗೆ," ಅಂದಳು. "ಲೋಕದಲ್ಲಿ ಯಾರ್ಗೂ ಹಿಂಗಾಗಲ್ಲ, ನಾನೊಬ್ಳೇ ರಾಕ್ಷಸಿ ಅಂದ್ಕೊಂಡಿದ್ದೆ. ನೀನು ಒಂದೇ ಒಂದ್ ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ ಅಪ್ಪ?"

"ಹೇಳ್ಬೇಕಿತ್ತು ಕಣವ್ವ," ಅಂದ ಗಂಗರಾಜು.