ಲಾಂಚಿನ ಮೂರನೆಯ ಪಾಲು

ಚುಕ್ಕಾಣಿಯ ಹಿಡಿಕೆ ಬೆಚ್ಚಗಿತ್ತು. ಇಡೀ ಹಿಡಿಕೆಯಲ್ಲ, ಅಂಗೈಯಗಲ ಮಾತ್ರ. ಅದರ ಆಚೆಗೂ ಈಚೆಗೂ ಇಬ್ಬನಿ ಕೂತು ಮರ ಒದ್ದೆಯಾಗಿತ್ತು. ನಡುವಿನ ಆ ಒಂದು ಜಾಗ ಒಣಗಿತ್ತು.

ಸೂರ್ಯ ಇನ್ನೂ ಬಂದಿರಲಿಲ್ಲ. ಲಾಂಚಿನ ಹಿಂಬದಿಗೆ ನನಗಿಂತ ಮೊದಲು ಯಾರೂ ಹತ್ತಿರಲಿಲ್ಲ. ಕೈ ತೆಗೆದು ಸೆರಗಿಗೆ ಒರೆಸಿಕೊಂಡೆ. (ಒರೆಸಿಕೊಳ್ಳಲು ಏನಿತ್ತು? ಕೈ ಒಣಗಿಯೇ ಇತ್ತಲ್ಲ.)

ಹೊನ್ನಾವರದ ದಕ್ಕೆಯಿಂದ ಕಾಸರಕೋಡಿನ ದಡಕ್ಕೆ ಹೋಗುವ ಲಾಂಚು ಅದು. ಕುಮಟೆಯಿಂದ ಬಂದ ಬಸ್ಸು ಈ ದಡದಲ್ಲಿ ನಿಲ್ಲುತ್ತದೆ. ಭಟ್ಕಳದ ಬಸ್ಸು ಆ ದಡದಲ್ಲಿ ಕಾಯುತ್ತದೆ. ನಡುವೆ ಶರಾವತಿ. ಸೇತುವೆ ಬರುತ್ತದಂತೆ ಎಂದು ನಾವೆಲ್ಲ ಕೇಳುತ್ತಲೇ ಇದ್ದೇವೆ. ಬರುವವರೆಗೆ ಲಾಂಚೇ ಗತಿ.

ಈ ಅಂಕಣದಲ್ಲಿ ನಾನು ಮನೆಯ ಮಾತು ಬರೆದದ್ದು ಕಡಿಮೆ. ಇವತ್ತು ಬರೆಯದೆ ಬೇರೆ ದಾರಿಯಿಲ್ಲ. ಆ ಲಾಂಚಿನಲ್ಲಿ ಮೂರರಲ್ಲೊಂದು ಪಾಲು ನನ್ನ ಅಪ್ಪನದು.

ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರಾಗಿದ್ದವರು. ನಿವೃತ್ತಿಯಾದ ಮೇಲೆ ಕೈಗೆ ಬಂದದ್ದನ್ನೆಲ್ಲ ಲಾಂಚಿಗೆ ಹಾಕಿದರು. ಅವರ ಜೊತೆಗೆ ಸೇರಿದವರು ಇಬ್ಬರು. ಒಬ್ಬ ಮಾಸ್ತಿ. ತಲೆತಲಾಂತರದಿಂದ ಅದೇ ಹೊಳೆಯಲ್ಲಿ ದೋಣಿ ದಾಟಿಸಿದ ಅಂಬಿಗರ ಮನೆಯವನು. ಇನ್ನೊಬ್ಬ ಬಸ್ತ್ಯಾಂವ. ಮುಂಬಯಿಯ ಹಡಗುಕಟ್ಟೆಯಲ್ಲಿ ಇಂಜಿನ್ ಕೆಲಸ ಕಲಿತು ಊರಿಗೆ ಮರಳಿದವನು. ಒಬ್ಬನಿಗೆ ನೀರು ಗೊತ್ತು, ಒಬ್ಬನಿಗೆ ಇಂಜಿನ್ ಗೊತ್ತು. ಅಪ್ಪನಿಗೆ ಎರಡೂ ಗೊತ್ತಿರಲಿಲ್ಲ. ಆದರೂ ಚುಕ್ಕಾಣಿಯ ಬಳಿ ನಿಲ್ಲುವುದನ್ನು ಕಲಿತರು.

ಆ ಮೂವರು ಮಾಡಿಕೊಂಡದ್ದು ಒಂದೇ ಕರಾರು. ಕಾಗದದಲ್ಲಿ ಅದು ಎಲ್ಲೂ ಇಲ್ಲ. ಲಾಂಚು ಹೊರಡುವ ಮೊದಲು ಮುಂದೆ ಹಗ್ಗ ಬಿಚ್ಚುವ ಮಾಸ್ತಿ ‘ಆತು’ ಎನ್ನಬೇಕು. ಇಂಜಿನ್ನಿನ ಬಳಿ ಬಸ್ತ್ಯಾಂವ ‘ಆತು’ ಎನ್ನಬೇಕು. ಹಿಂದೆ ಚುಕ್ಕಾಣಿಯಿಂದ ಅಪ್ಪ ‘ಆತು’ ಎನ್ನಬೇಕು. ಒಬ್ಬನ ಬಾಯಿಂದ ಬರದಿದ್ದರೂ ಲಾಂಚು ಕದಲುವುದಿಲ್ಲ. ಯಾಕೆ ಬರಲಿಲ್ಲ ಎಂದು ಇನ್ನಿಬ್ಬರು ಕೇಳುವಂತಿಲ್ಲ. ಒಬ್ಬನಿಗೆ ಆಗದಿದ್ದ ದಿನ ಅವನ ಮನೆಯವರು ಬಂದು ಹೇಳಬಹುದು. ಹೊರಗಿನವರು ಹೇಳುವಂತಿಲ್ಲ.

ನಗಬೇಡಿ. ಒಮ್ಮೆ ಒಂದು ಮದುವೆ ದಿಬ್ಬಣ ಲಾಂಚು ಹತ್ತಿ ಕೂತಿತ್ತು. ಬಸ್ತ್ಯಾಂವ ಬಾಯಿ ತೆರೆಯಲಿಲ್ಲ. ಹುಡುಗಿಯ ಸೋದರಮಾವ ಬೆವರೊರೆಸಿಕೊಳ್ಳುತ್ತ, ನಮ್ಮ ಮುಹೂರ್ತ ಭಟ್ಟರು ಇಟ್ಟದ್ದು, ನಿಮ್ಮ ಇಂಜಿನ್ನಿನ ಮುಹೂರ್ತ ಯಾರು ಇಡುವುದು ಎಂದು ಕೇಳಿದ. ಬಹಳ ಹೊತ್ತಿನ ಮೇಲೆ ಬಸ್ತ್ಯಾಂವ ‘ಆತು’ ಎಂದ, ಹೊರಟರು. ಹೊಳೆಯಲ್ಲಿ ಏನೂ ಆಗಿರಲಿಲ್ಲ. ಬಿರುಗಾಳಿಯಿಲ್ಲ, ತೇಲಿ ಬಂದ ದಿಮ್ಮಿಯಿಲ್ಲ. ಆಮೇಲೆ ಅವನೇ ಅಪ್ಪನಿಗೆ ಹೇಳಿದನಂತೆ, ಕಾರಣ ಎಂತದೂ ಇರಲಿಲ್ಲ, ಬಾಯಿ ಬರಲಿಲ್ಲ ಅಷ್ಟೇ ಎಂದು.

ಧಾರವಾಡದಲ್ಲಿ ತರ್ಕಶಾಸ್ತ್ರ ಓದುತ್ತಿದ್ದ ನನಗೆ ಇದು ಹುಚ್ಚೆನಿಸಿತ್ತು. ಇದೆಂಥ ಬಿಸಿನೆಸ್ ಎಂದು ಅಪ್ಪನನ್ನು ಕೇಳಿದ್ದೆ. ಪಾಲುದಾರನನ್ನು ಕಾರಣ ಕೇಳಿದರೆ ಮುಂದಿನ ಸಲ ಅವನು ಸುಳ್ಳು ಕಾರಣ ಕೊಡುತ್ತಾನೆ, ಅದರ ಮುಂದಿನ ಸಲ ಹೆದರಿ ಹೂಂ ಅನ್ನುತ್ತಾನೆ ಎಂದಿದ್ದರು.

ಕಳೆದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಅಮ್ಮ ಶಿರಾಲಿಯಲ್ಲಿ ಅಕ್ಕನ ಮನೆ ಸೇರಿದಳು. ನಾನು ಹೊನ್ನಾವರದಲ್ಲಿ ಪಾಠ ಹೇಳುತ್ತ ಉಳಿದೆ. ದಕ್ಕೆಯ ಕಡೆ ಹೋಗಲಿಲ್ಲ. ಅಮ್ಮನೇ ಬಂದು ನನ್ನನ್ನು ನೋಡಿ ಹೋಗುತ್ತಿದ್ದಳು. ಮಾಸ್ತಿಯಾಗಲಿ ಬಸ್ತ್ಯಾಂವನಾಗಲಿ, ಬಾ ಎಂದು ಹೇಳಿ ಕಳಿಸಲಿಲ್ಲ. ಲಾಂಚು ಮಾತ್ರ ನಿಲ್ಲದೆ ಓಡುತ್ತಿತ್ತು.

ಈ ನಡುವೆ ಭಟ್ಕಳದ ಬಟ್ಟೆ ವ್ಯಾಪಾರಿ ಸಾಹೇಬರೊಬ್ಬರು ಅಪ್ಪನ ಪಾಲು ಕೊಳ್ಳುತ್ತೇನೆಂದರು. ಸಭ್ಯರು, ಒಳ್ಳೆಯ ಬೆಲೆಯನ್ನೇ ಹೇಳಿದರು. ಆ ಹಣದಲ್ಲಿ ನಾನು ಮತ್ತೆ ಧಾರವಾಡಕ್ಕೆ ಹೋಗಿ ಎಂ.ಎ. ಮುಗಿಸಬಹುದಿತ್ತು. ಅಮ್ಮನ ಒಪ್ಪಿಗೆ ಕೇಳಲೆಂದೇ ಹೋದ ಭಾನುವಾರ ಬೆಳಿಗ್ಗೆ ಲಾಂಚು ಹತ್ತಿದೆ. ಜನರ ನಡುವೆ ಕೂರಲು ಮನಸ್ಸಿಲ್ಲದೆ ಹಿಂದೆ ಹೋಗಿ ಕೂತೆ. ಆ ಹಿಡಿಕೆ ಮುಟ್ಟಿದ್ದು ಆಗ.

ಮಂಜು ನೀರಿಗೆ ಅಂಟಿಕೊಂಡಿತ್ತು. ಲಾಂಚಿನ ಮೂತಿಯೇ ಕಾಣುತ್ತಿರಲಿಲ್ಲ. ಅಲ್ಲಿಂದ ಮಾಸ್ತಿಯ ‘ಆತು’ ಬಂತು. ನಡುವಿನಿಂದ ಬಸ್ತ್ಯಾಂವನ ‘ಆತು’. ಆಮೇಲೆ ಇಬ್ಬರೂ ಸುಮ್ಮನಾದರು. ಒಬ್ಬ ಮನುಷ್ಯ ಸುತ್ತ ಒಮ್ಮೆ ನೋಡಿ ಉಸಿರು ಬಿಡುವಷ್ಟು ಹೊತ್ತು.

ಇಂಜಿನ್ನಿನ ಸದ್ದು ಏರಿತು. ಹೊರಟೆವು.

ಮೂರನೆಯ ಮಾತು ಯಾರು ಹೇಳಿದರು? ನಾನು ಹೇಳಲಿಲ್ಲ. ನನ್ನ ಕಿವಿಗೆ ಬೀಳಲೂ ಇಲ್ಲ.

ಆಚೆ ದಡದಲ್ಲಿ ಬಸ್ತ್ಯಾಂವನನ್ನು ಕೇಳಿದೆ. ಅವನು ಕೊಂಕಣಿಯ ವಾಡಿಕೆಯಂತೆ ನನ್ನನ್ನು ಬಾಯೆ ಎನ್ನುತ್ತಾನೆ. ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. “ಮಾಸ್ತಿ ಅಲ್ವಾ ಬಾಯೆ. ಮಾಸ್ತರ ಪಾಲಿಂದೂ ಅಂವನೇ ಹೇಳೂದು. ಹಿಂದೆ ಬಂದು ಹೇಳ್ತ. ದಿನಾ ಕೇಳ್ತದೆ.”

ಮಾಸ್ತಿ ದಡದಲ್ಲಿ ಗೂಟಕ್ಕೆ ಹಗ್ಗ ಸುತ್ತುತ್ತಿದ್ದ. ಅವನನ್ನೂ ಕೇಳಿದೆ. “ನಾ ಎಲ್ಲಿ ಹೇಳ್ದೆ ತಂಗೀ? ನಾ ಚುಕ್ಕಾಣಿ ಹಿಡಿಯೂಕೆ ಹಿಂದೆ ಬರೂದು ಲಾಂಚು ಹೊರಟ ಮೇಲೆ ಅಲ್ವಾ. ಬಸ್ತ್ಯಾಂವ ಹೇಳೂದು, ತನ್ನದೊಂದು, ಮಾಸ್ತರದೊಂದು.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಾಸ್ತಿ ಅದೇ ಗಂಟನ್ನು ಬಿಚ್ಚಿ ಮತ್ತೆ ಹಾಕಿದ.

ಶಿರಾಲಿಗೆ ಹೋಗುವ ಬಸ್ಸಿನಲ್ಲಿ ಇದಕ್ಕೆ ಲಾಜಿಕ್ ಹುಡುಕಿದೆ. ಸಿಕ್ಕಿತು ಕೂಡ. ಅವನು ಹೇಳಿದ್ದಾನೆ ಎಂದು ಇವನು, ಇವನು ಹೇಳಿದ್ದಾನೆ ಎಂದು ಅವನು. ನಮ್ಮ ಮನೆಗಳು ನಡೆಯುವುದೂ ಹೀಗೇ ಅಲ್ಲವೇ? ಮಗಳನ್ನು ಅವಳು ಕೇಳಿರುತ್ತಾಳೆ ಎಂದು ಅಪ್ಪ ಅಂದುಕೊಳ್ಳುತ್ತಾನೆ, ಅವರು ಕೇಳಿರುತ್ತಾರೆ ಎಂದು ಅಮ್ಮ ಅಂದುಕೊಳ್ಳುತ್ತಾಳೆ, ಮದುವೆಯ ಚಪ್ಪರ ಏಳುತ್ತದೆ. ಮೂರು ಜನ ಸೇರಿ ಹಾಕಿದ ಹೋಟೆಲು, ನಾಲ್ಕು ಜನ ಸೇರಿ ಕೊಂಡ ಲಾರಿ, ಎಲ್ಲ ಕಡೆಯೂ ಯಾರೂ ಆಡದ ಒಂದು ಒಪ್ಪಿಗೆ ಇರುತ್ತದೆ. ಎಲ್ಲರೂ ಅದನ್ನು ಕೇಳಿಸಿಕೊಂಡಿರುತ್ತಾರೆ. (ನನ್ನ ವಿವರಣೆ ನನಗೇ ಹಿಡಿಸಿತ್ತು. ಅಂಗೈಯನ್ನು ಮಾತ್ರ ದಾರಿಯುದ್ದಕ್ಕೂ ಮುಚ್ಚಿಕೊಂಡಿದ್ದೆ.)

ಅಮ್ಮನನ್ನು ಕೇಳಿದೆ. ನಿನ್ನ ಇಷ್ಟ ಎಂದಳು. ಸಂಜೆಯ ಬಸ್ಸಿನಲ್ಲಿ ಸಾಹೇಬರೂ ಇದ್ದರು. ರಾತ್ರಿ ಹೊನ್ನಾವರದಲ್ಲಿ ಉಳಿದು ಮರುದಿನ ಕಾಗದ ಮಾಡಿಸುವುದೆಂದು ಮಾತಾಗಿತ್ತು.

ಕಾಸರಕೋಡಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ನೀರು ಏರುತ್ತಲೂ ಇರಲಿಲ್ಲ, ಇಳಿಯುತ್ತಲೂ ಇರಲಿಲ್ಲ. ಸಾಹೇಬರು ನಡುವೆ ಕೂತರು. ನಾನು ಹಿಂದೆ.

ಮಾಸ್ತಿ ‘ಆತು’ ಎಂದ. ಬಸ್ತ್ಯಾಂವ ‘ಆತು’ ಎಂದ.

ಬೆಳಗಿನ ಅದೇ ಮೌನ ಬಂತು. ಮುಗಿಯಲಿಲ್ಲ.

ಇಂಜಿನ್ ಸಣ್ಣಗೆ ಮಿಡಿಯುತ್ತಲೇ ಇತ್ತು. ಬಸ್ತ್ಯಾಂವನ ಕೈ ಅದರ ಮೇಲೆಯೇ ಇತ್ತು. ಜನ ಮೊದಲು ಗುಸುಗುಸು ಅಂದರು, ಆಮೇಲೆ ಅದೂ ನಿಂತಿತು. ಮೀನುಬುಟ್ಟಿ ಇಟ್ಟುಕೊಂಡಿದ್ದ ಮುದುಕಿಯೊಬ್ಬಳು ನನ್ನ ಕಡೆ ತಿರುಗಿ ಮೆಲ್ಲಗೆ, “ಹೇಳ್ಬಿಡು ಮಗಾ, ಮನೀಗೆ ಹೋಗೂದದೆ” ಎಂದಳು. ಅಂದರೆ ಆ ಕರಾರು ಹೊಳೆ ದಾಟುವವರಿಗೆಲ್ಲ ಗೊತ್ತಿತ್ತು. ಅಪ್ಪ ಹೋದ ಮೇಲೆ ಅದನ್ನು ಯಾರು ಹೇಳಬೇಕೆಂಬುದೂ ಗೊತ್ತಿತ್ತು.

ನಾನು ಹೇಳಲಿಲ್ಲ. ನಾಳೆ ಮಾರಲಿರುವವಳು ಇವತ್ತು ಯಾವ ಬಾಯಿಂದ ಹೇಳುವುದು?

ಸಾಹೇಬರಿಗೆ ಕತ್ತಲಾಗುವ ಚಿಂತೆ. ತಾವೇ ಎದ್ದುನಿಂತು, ಗಟ್ಟಿಯಾಗಿ, “ಆತು, ಬಿಡಿ” ಎಂದರು. ಮಾಸ್ತಿ ತಲೆಯೆತ್ತಲಿಲ್ಲ. ಬಸ್ತ್ಯಾಂವ ಇಂಜಿನ್ ಆರಿಸಿದ.

ಜನ ಒಬ್ಬೊಬ್ಬರಾಗಿ ಇಳಿದರು. ಬೈದವರು ಯಾರೂ ಇಲ್ಲ, ಅದಕ್ಕೇ ನನಗೆ ಹೆಚ್ಚು ಭಯವಾದದ್ದು. ಕೆಲವರು ಸಣ್ಣ ದೋಣಿ ಹುಡುಕಿ ದಾಟಿದರು. ಸಾಹೇಬರು ಅಲ್ಲೇ ಪರಿಚಯದವರ ಮನೆಗೆ ಹೋದರು. ನನ್ನನ್ನು ಮಾಸ್ತಿ ತನ್ನ ಮನೆಗೆ ಕರೆದುಕೊಂಡು ಹೋದ. ಹೊಳೆಯಿಂದ ಹತ್ತು ಮಾರು ದೂರ, ಗಾಳಿಮರಗಳ ಸಾಲಿನ ಪಕ್ಕ ಅವನ ಮನೆ.

ಅವನ ಹೆಂಡತಿ ಗಂಜಿ ಬಡಿಸಿದಳು. ನಾನು ಕ್ಷಮೆ ಕೇಳುವವಳಂತೆ, ಬೆಳಿಗ್ಗೆ ನಾನು ಆ ಪ್ರಶ್ನೆ ಕೇಳಬಾರದಿತ್ತು, ನಿಮ್ಮಿಬ್ಬರ ನಂಬಿಕೆ ಕೆಟ್ಟಿತು, ಅದಕ್ಕೇ ನಿಂತಿತು ಎಂದೆ.

ಮಾಸ್ತಿ ಉಪ್ಪಿನಕಾಯಿಯ ಭರಣಿಯನ್ನು ನನ್ನ ಕಡೆ ಸರಿಸಿದ.

“ಅದಕ್ಕಲ್ಲ ತಂಗೀ. ಬಸ್ತ್ಯಾಂವನ ದನಿ ನನಗೆ ಗೊತ್ತಿಲ್ವಾ? ದಿನಾ ಕೇಳೂದು ಅಂವಂದಲ್ಲ. ಅಂವಂದು ಅಂದ್ಕಂಡ್ರೆ ನಿದ್ದೆ ಬರ್ತದೆ, ಅಷ್ಟೇ.” ಒಂದು ತುತ್ತು ತಿಂದ. “ಇವತ್ತು ನಿಜಕ್ಕೂ ಕೇಳ್ಲಿಲ್ಲ.”

ನನ್ನ ಲಾಜಿಕ್ ಅಲ್ಲಿಗೆ ಮುಗಿಯಿತು. ನಾನು ಗಂಜಿ ಮುಗಿಸಿದೆ. ಅಪ್ಪನ ಪಾಲು ಮಾರಬಹುದು, ಕಾನೂನು ಒಪ್ಪುತ್ತದೆ. ಆದರೆ ಸಾಹೇಬರು ಕೊಳ್ಳಲು ಬಂದದ್ದೇನು? ಮೂರರಲ್ಲೊಂದು ಭಾಗ ಮರ, ಮೂರರಲ್ಲೊಂದು ಭಾಗ ಇಂಜಿನ್. ಇಬ್ಬರು ದುಡಿದು ಬದುಕುತ್ತಿದ್ದ ಆ ಲಾಂಚನ್ನು ಹೊರಡಿಸುವ ಒಂದು ಮಾತು ಅದರಲ್ಲಿ ಸೇರಿತ್ತೇ? ಸೇರಿರದಿದ್ದರೆ, ನಾನು ಮಾರಿದ ಮರುದಿನದಿಂದ ಆ ಇಬ್ಬರು ದಡದಲ್ಲೇ ಕೂರಬೇಕು. ಧಾರವಾಡದಲ್ಲಿ ಕೂತು ನಾನು ಏನು ಓದಲಿ?

ಇದನ್ನು ಯಾರೂ ನನಗೆ ಹೇಳಲಿಲ್ಲ. ಕಾರಣ ಕೇಳದ ಜನ, ಬೇಡಿಕೆಯನ್ನೂ ಇಡುವುದಿಲ್ಲ.

ಬೆಳಿಗ್ಗೆ ಸಾಹೇಬರು ದಡಕ್ಕೆ ಬಂದಾಗ, ಪಾಲು ಕೊಡುವುದಿಲ್ಲ ಎಂದೆ. “ಬೆಲೆ ಸಾಲಲಿಲ್ವಾ ಟೀಚರಮ್ಮ?” ಎಂದರು. ಬೆಲೆಯ ಮಾತಲ್ಲ ಎಂದೆ. ಅವರು ಟೋಪಿ ಸರಿಮಾಡಿಕೊಂಡು ಸ್ವಲ್ಪ ಹೊತ್ತು ಲಾಂಚನ್ನೇ ನೋಡಿದರು. ನಿನ್ನೆ ತಮ್ಮ ಮಾತಿಗೆ ಅಲ್ಲಿ ಒಂದು ಹಗ್ಗವೂ ಅಲುಗಲಿಲ್ಲ, ಆಗಲೇ ಅರ್ಥವಾಯಿತು ಎಂದರು. ಸಿಟ್ಟಿರಲಿಲ್ಲ. ಭಟ್ಕಳದ ಬಸ್ಸಿನ ಕಡೆ ನಡೆದರು, ತುಸು ಬೇಗನೆ.

ನಾನು ಲಾಂಚು ಹತ್ತಿ, ಚಪ್ಪಲಿ ಬಿಟ್ಟು, ಅಪ್ಪ ನಿಲ್ಲುತ್ತಿದ್ದಲ್ಲಿ ನಿಂತೆ. ಹೆಂಗಸೊಬ್ಬಳು ಅಲ್ಲಿ ನಿಂತದ್ದು ಕಂಡು ಜನ ನೋಡಿದರು. ನೋಡಲಿ. ಮಾಸ್ತಿ ‘ಆತು’ ಎಂದ. ಬಸ್ತ್ಯಾಂವ ‘ಆತು’ ಎಂದ. ನಾನು ಉಸಿರೆಳೆದುಕೊಂಡು ಬಾಯಿ ತೆರೆದೆ.

ಮಾತು ಇನ್ನೂ ಗಂಟಲಲ್ಲಿತ್ತು, ಇಂಜಿನ್ನಿನ ಸದ್ದು ಏರಿತು, ದಡ ಹಿಂದೆ ಸರಿಯಿತು.

ನಾನು ಬಾಯಿ ಮುಚ್ಚಿ, ಒಬ್ಬರಿಗೆ ನಿಲ್ಲಲು ಸಾಕಾಗುವಷ್ಟು ಪಕ್ಕಕ್ಕೆ ಸರಿದುಕೊಂಡೆ.