ಮಾಸ್ತರರ ಇಬ್ಬರು ಅರಸರು

ಮಾಸ್ತರರು ಎಷ್ಟೋ ಸಲ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮನೆಗೆ ಬರುತ್ತಿದ್ದರು. ಇನ್ನೊಂದು ಖಾನಾಪುರದ ಪೇಟೆಯಲ್ಲಿ ಎಲ್ಲೋ ಕಳಚಿ ಬಿದ್ದಿರುತ್ತಿತ್ತು. ಅವರ ಪಾದಕ್ಕೆ ಅದು ತಿಳಿಯುತ್ತಲೇ ಇರಲಿಲ್ಲ. ಯಾರಾದರೂ ಹಿಂದಿನಿಂದ ತಂದುಕೊಟ್ಟರೆ "ನಂದೇನು ಇದು?" ಎಂದು ಕೆಳಗೆ ನೋಡಿ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಸಕ್ಕರೆ ಕಾಯಿಲೆ ಪಾದವನ್ನು ಮರಗಟ್ಟಿಸಿತ್ತು ಎಂಬುದು ನನಗೆ ಗೊತ್ತಾದದ್ದು ಬೆಳಗಾವಿಯಲ್ಲಿ ನರ್ಸಿಂಗ್ ಓದಲು ಸೇರಿದ ಮೇಲೆ.

ಅವರದು ನಮ್ಮ ಪಕ್ಕದ ಮನೆ. ಅವರು ಚರ್ಚಿಗೆ ಹೋಗುವವರು, ನಾವು ಲಿಂಗ ಕಟ್ಟಿಕೊಂಡವರು. ಆದರೆ ಸಂಜೆಯಾದರೆ ಓಣಿಯ ಮಕ್ಕಳೆಲ್ಲ ಅವರ ಕಟ್ಟೆಯ ಮೇಲೆ. ಅವರು ತಮ್ಮ ವೇದಪುಸ್ತಕ ಬೈಬಲ್ಲಿನ ಅರಸರ ಕಥೆ ಹೇಳಲು ಕೂತರೆ ಒಳಗಿದ್ದ ನಮ್ಮವ್ವ ಕೂಡ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳು. ವೈರಿ ಬರೆದ ಬೆದರಿಕೆಯ ಪತ್ರವನ್ನು ಗುಡಿಗೆ ಒಯ್ದು ದೇವರ ಮುಂದೆ ಬಿಚ್ಚಿಟ್ಟ ಅರಸ, ದಂಡಿನ ಮುಂದೆ ಹಾಡುವವರನ್ನು ನಿಲ್ಲಿಸಿ ಯುದ್ಧ ಗೆದ್ದ ಅರಸ. ಮಾಸ್ತರರ ಲೋಕದಲ್ಲಿ ಅರಸರು ಎರಡೇ ಬಗೆ: ನಂಬಿದವರು, ನಂಬದವರು. "ಸುಖದಾಗ ಎಲ್ಲಾರೂ ಭಕ್ತರ ಇರ್ತಾರ. ಸಂಕಟ ಬಂದಾಗ ಯಾರ ಕಡಿ ಮಾರಿ ತಿರಗಸ್ತಾರ, ಅದನ್ನ ನೋಡಬೇಕು" ಎನ್ನುತ್ತಿದ್ದರು. ಪುರಸಭೆ ಮೆಂಬರನಿಂದ ಹಿಡಿದು ಪ್ರಧಾನಮಂತ್ರಿಯವರೆಗೆ ಎಲ್ಲರನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಿದ್ದರು.

ಹಾಗೆಂದು ಮೂಢರಲ್ಲ. ಅವ್ವನಿಗೆ ಕಾಮಾಲೆಯಾದಾಗ ಅವಳು ಹರಕೆ ಹೊತ್ತು ಮಲಗಿಬಿಟ್ಟಿದ್ದಳು. ಮಾಸ್ತರರೇ ಟೆಂಪೋ ತಂದು ಬಾಗಿಲಿಗೆ ನಿಲ್ಲಿಸಿದರು. "ದೇವರು ನಿಮ್ಮ ಜಗಲಿ ಮ್ಯಾಲೂ ಅದಾನ, ದವಾಖಾನ್ಯಾಗೂ ಅದಾನ. ಮೊದಲ ದವಾಖಾನಿಗೆ ನಡೀರಿ" ಎಂದು ಗದರಿ ಹತ್ತಿಸಿದರು. ಅವ್ವ ಉಳಿದಳು. ನನ್ನ ಲಗ್ನದ ಮಾತು ಎತ್ತಿದ್ದ ಅಪ್ಪನ ಎದುರು ಮೂರು ದಿನ ಕೂತು, ನನ್ನನ್ನು ನರ್ಸಿಂಗಿಗೆ ಕಳಿಸಲು ಒಪ್ಪಿಸಿದವರೂ ಅವರೇ.

ಎರಡನೆಯ ವರ್ಷ ಓದುತ್ತಿದ್ದೆ. ಒಂದು ರವಿವಾರ ಊರಿಗೆ ಬಂದಾಗ ಮಾಸ್ತರರ ಬಲಗಾಲಿನ ಬೆರಳ ಸಂದಿಯಲ್ಲಿ ಹುಣ್ಣು ಕಂಡೆ. ವಾಸನೆ ಬಡಿಯುತ್ತಿತ್ತು. ನಾಳೆಯೇ ಬೆಳಗಾವಿಗೆ ಬನ್ನಿ ಎಂದೆ. ಅವರು ತಲೆಯಲ್ಲಾಡಿಸಿದರು.

"ಆ ಅರಸನ ಕಥಿ ಮರತಿ ಏನು? ಮುಪ್ಪಿನ ಕಾಲಕ್ಕ ಕಾಲಿಗೆ ರೋಗ ಬಂತು. ದೇವರನ್ನ ಕೇಳಲಿಲ್ಲ, ವೈದ್ಯರ ಬೆನ್ನ ಹತ್ತಿದ. ಸತ್ತ."

"ನಮ್ಮವ್ವನ್ನ ಟೆಂಪೋದಾಗ ಹಾಕ್ಕೊಂಡು ಹೋದವರು ಯಾರ್ರಿ ಸರ? ಊರಿಗೊಂದು ನ್ಯಾಯ, ನಿಮಗೊಂದು ನ್ಯಾಯ ಏನ್ರಿ?"

"ಅವರು ನನ್ನ ಹಂಗ ನಲವತ್ತು ವರ್ಷ ಕಟ್ಟಿ ಮ್ಯಾಲೆ ಕುಂತು ಹೇಳಿದವರಲ್ಲ, ತಂಗಿ. ನನ್ನ ಪಾಳಿ ಬಂದಾಗ ನಾ ಓಡಿ ಹೋಗ್ಲೇನು?"

ಸಿಟ್ಟು ನೆತ್ತಿಗೇರಿತು. ಆ ಪುಸ್ತಕವನ್ನೇ ಕೇಳಿ ತೆಗೆದುಕೊಂಡು ರೈಲು ಹತ್ತಿದೆ. ಓದುತ್ತ ಓದುತ್ತ ದೇಸೂರು ದಾಟುವಷ್ಟರಲ್ಲಿ ಪುಟಗಳಲ್ಲಿ ನಾಲ್ವರು ಅರಸರು ಸತ್ತಿದ್ದರು. ಶಿವಬಸವ ನಗರದ ಬಾಡಿಗೆ ಕೋಣೆಯಲ್ಲಿ ವಾರವಿಡೀ ಹುಡುಕಿದೆ, ಕೊನೆಗೆ ಸಿಕ್ಕಿದ. ಇನ್ನೊಬ್ಬ ಅರಸ. ಸಾಯುವ ಹುಣ್ಣು. ಗೋಡೆಗೆ ಮುಖ ಮಾಡಿ ಅತ್ತು ದೇವರನ್ನು ಬೇಡಿದ. ದೇವರು ಹದಿನೈದು ವರ್ಷ ಆಯುಷ್ಯ ಕೊಟ್ಟ. ಆದರೆ ಹುಣ್ಣಿನ ಮೇಲೆ ಅಂಜೂರದ ಉಂಡೆ ಇಡಿ ಎಂದು, ದೇವರ ಮಾತು ತಂದ ಪ್ರವಾದಿಯೇ ಹೇಳಿ ಇಡಿಸಿದ್ದ!

ಮುಂದಿನ ರವಿವಾರ ಪುಟ ಬಿಚ್ಚಿ ಮಾಸ್ತರರ ಮುಂದೆ ಹಿಡಿದೆ. "ನೋಡ್ರಿ ಸರ, ನಂಬಿದ ಅರಸನೂ ಔಷಧ ಹಚ್ಚಿಸಿಕೊಂಡಾನ." ಅವರು ಮೂರು ಸಲ ಓದಿದರು. ಕಣ್ಣು ತುಂಬಿತು. "ಗೆದ್ದಿ ತಂಗಿ. ಇಷ್ಟು ವರ್ಷ ಓದಿದ್ರೂ ನನಗಿದು ಕಾಣಲಿಲ್ಲ." ಔಷಧ ಮಾಡಿಸಿಕೊಳ್ತೀರಲ್ಲ ಎಂದೆ. ಹೂಂ ಎಂದರು. ನಾನು ಬೀಗುತ್ತ ಬೆಳಗಾವಿಗೆ ಮರಳಿದೆ.

ಸೋಮವಾರ ಅವರು ಬರಲಿಲ್ಲ, ಮಂಗಳವಾರವೂ ಇಲ್ಲ. ನನಗೆ ಪರೀಕ್ಷೆ. ಆಗ ಓಣಿಗೆಲ್ಲ ಒಂದೇ ಫೋನು, ಕಿರಾಣಿ ಅಂಗಡಿಯದು. ಅಂಗಡಿಯವರು ವಿಚಾರಿಸಿ ಹೇಳಿದರು: "ಔಷಧ ಚಾಲೂ ಐತಂತ್ರಿ. ನಿಮಗ ಕಾಳಜಿ ಮಾಡಬ್ಯಾಡ ಅಂತ ಹೇಳ್ಯಾರ." ಖಾನಾಪುರದಲ್ಲೇ ಯಾರಿಗೋ ತೋರಿಸಿದ್ದಾರೆ ಎಂದುಕೊಂಡು ನೆಮ್ಮದಿಯಿಂದ ಪರೀಕ್ಷೆ ಬರೆದೆ.

ಹನ್ನೆರಡು ದಿನಗಳ ನಂತರ ಹೋದಾಗ ಮಾಸ್ತರರ ಹೆಂಡತಿ ಒಳಕಲ್ಲಿನಲ್ಲಿ ಒಣ ಅಂಜೂರ ಅರೆಯುತ್ತಿದ್ದರು. "ನೀ ಹೇಳಿದಂಗ ದಿನಾ ಎರಡ ಹೊತ್ತು ಕಟ್ಟಾಕತ್ತೇನಿ, ತಂಗಿ. ಬೆಳಗಾವಿಯಿಂದ ತರಿಸೇವಿ, ಚಲೋ ಮಾಲು." ಮಂಚದ ಕಾಲಿಗೆ ಇರುವೆ ಸಾಲು ಹತ್ತಿತ್ತು. ಪಟ್ಟಿ ಬಿಚ್ಚಿದೆ. ಪಾದ ಹಿಮ್ಮಡಿಯವರೆಗೆ ಕಪ್ಪಾಗಿತ್ತು.

ನಾನು ಕೂಗಾಡಿದೆ. ಹಿರಿಯರೆಂದು ನೋಡದೆ ಬೈದೆ. ಮಾಸ್ತರರು ಜ್ವರದ ಕಣ್ಣು ತೆರೆದು, "ಯಾಕ ಅಳ್ತಿ? ಆ ಕೆಟ್ಟ ಅರಸನ ಸಾವು ನನಗ ಬರತೈತಿ ಅಂತ ಹೆದರಿದ್ನಿ. ನೀ ನನಗ ಒಳ್ಳೆ ಅರಸನ್ನ ತೋರಿಸಿದಿ" ಎಂದರು. ಆಗ ಅವರನ್ನು ಕೇಳಲಿಲ್ಲ, ಜೀಪು ತರಿಸಿ ಹೊರಿಸಿಕೊಂಡು ಹೋದೆ. ಬೆಳಗಾವಿಯಲ್ಲಿ ಮೊಣಕಾಲಿನ ಮೇಲೆ ಕತ್ತರಿಸಿದರು. ನಂಜು ಅದಾಗಲೇ ರಕ್ತಕ್ಕೆ ಇಳಿದಿತ್ತು. ನಾಲ್ಕನೆಯ ದಿನ ಹೋದರು.

ಮಣ್ಣಿನ ದಿನ ಪಾದ್ರಿಗಳು ಅವರ ನಂಬಿಕೆಯನ್ನು ಹೊಗಳಿದರು. ಹೆಂಡತಿ ನನ್ನ ಕೈ ಹಿಡಿದು, ಬಂದವರಿಗೆಲ್ಲ ಹೇಳಿದರು: "ಔಷಧ ಹುಡುಕಿ ಕೊಟ್ಟಾಕಿ ಇಕೀನ."

ಇಂದಿಗೂ ಅವರ ಮೇಲಿನ ಸಿಟ್ಟು ಇಳಿದಿಲ್ಲ, ನನ್ನ ಮೇಲಿನದೂ ಇಳಿದಿಲ್ಲ. ವಾರ್ಡಿನಲ್ಲಿ ಯಾರಾದರೂ ದೇವರ ಹೆಸರು ಹೇಳಿ ಔಷಧ ಬೇಡವೆಂದರೆ ನಾನು ವಾದಕ್ಕಿಳಿಯುವುದಿಲ್ಲ, ರಟ್ಟೆ ಹಿಡಿದು ಸೂಜಿ ಚುಚ್ಚುತ್ತೇನೆ. ಕಟುಕಿ ಎನ್ನುತ್ತಾರೆ, ಅನ್ನಲಿ. ನನ್ನನ್ನು ನರ್ಸ್ ಮಾಡಿದವರು ಮಾಸ್ತರರು. ಅವರು ನನ್ನ ಮಾತು ಕೇಳಿದ್ದು ಒಂದೇ ಸಲ, ಅದೂ ನಾನು ನರ್ಸ್ ಆಗಿ ಹೇಳಿದ್ದನ್ನಲ್ಲ.